ಸಮಾಜಶಾಸ್ತ್ರದ ಪದವಿಯೂ ಜೀವನೋಪಾಯವೂ



ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಈಚೆಗೆ ಮನೆಗೆ ಬಂದು ಕೇಳಿದರು: "ವೈದ್ಯ ಓದಿದವರು ಡಾಕ್ಟರಾಗುತ್ತಾರೆ, ಕಾನೂನು ಓದಿದವರು ವಕೀಲರಾಗುತ್ತಾರೆ. ಸಮಾಜಶಾಸ್ತ್ರ ಓದಿ ನಮ್ಮ ಹುಡುಗಿ ಏನಾಗುತ್ತಾಳೆ, ಸ್ವಾಮಿ?" ಹಾಗೆ ಕೇಳುವುದು ತಂದೆಯ ಹಕ್ಕು, ಹಾರಿಕೆಯ ಉತ್ತರ ಕೊಡುವುದು ಅಧ್ಯಾಪಕನಿಗೆ ಶೋಭಿಸತಕ್ಕದ್ದಲ್ಲ.

ಕಹಿಯಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬರಿಯ ಬಿ.ಎ. ಪದವಿಯಿಂದ ಸಮಾಜಶಾಸ್ತ್ರಜ್ಞನೆಂಬ ಹುದ್ದೆ ಯಾರಿಗೂ ದೊರೆಯುವುದಿಲ್ಲ. ಕಾಲೇಜಿನಲ್ಲಿ ಬೋಧಿಸಬೇಕಾದರೆ ಎಂ.ಎ. ಬೇಕು, ಅದರ ಮೇಲೆ ಅರ್ಹತಾ ಪರೀಕ್ಷೆಯೂ ಉಂಟು. ಅಷ್ಟಾದರೂ ಸ್ಥಳಗಳು ವಿರಳ.

ಆದರೆ ಈ ಶಾಸ್ತ್ರವು ಒಂದು ಕಸುಬನ್ನು ಕಲಿಸುತ್ತದೆ. ಅಪರಿಚಿತರ ಜಗುಲಿಯಲ್ಲಿ ಕುಳಿತು ವಿನಯದಿಂದ ಕೇಳುವುದು, ಕೇಳಿದುದನ್ನು ಬರೆದಿಡುವುದು, ಬರೆದುದನ್ನು ಎಣಿಸಿ ತೂಗಿ ನೋಡುವುದು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1948ರಲ್ಲಿ, ತಾವು ರಾಮಪುರವೆಂದು ಕರೆದ ಹಳ್ಳಿಯಲ್ಲಿ ತಂಗಿದ್ದು, ಮಾಡಿದುದು ಇದನ್ನೇ. ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದುವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಅವರ ಗ್ರಂಥವು 1976ರಲ್ಲಿ ಹೊರಬಂದಿತು. ಕಾಗದ ಸುಟ್ಟರೂ ಕಣ್ಣಾರೆ ಕಂಡುದು ಸುಡಲಿಲ್ಲ.

ಈ ಕಸುಬಿಗೆ ಎಲ್ಲಿ ಬೆಲೆಯುಂಟು? 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕಲ್ಯಾಣಾಧಿಕಾರಿಗಳಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ದೊಡ್ಡ ಕಂಪೆನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಹಿತಕ್ಕೆ ವೆಚ್ಚಮಾಡಬೇಕೆಂದು 2013ರ ಕಂಪೆನಿ ಕಾಯಿದೆಯು ಗೊತ್ತುಮಾಡಿತು. ಆ ಹಣದಿಂದ ಹಳ್ಳಿಗೆ ಏನು ಒದಗಿತೆಂಬುದನ್ನು ಹೋಗಿ ನೋಡಿ ಬರುವವರು ಬೇಕು. ಆಸ್ಪತ್ರೆಯಲ್ಲಿ ರೋಗಿಯ ಮನೆಯ ಸ್ಥಿತಿಯನ್ನು ವಿಚಾರಿಸುವವರು ಬೇಕು. ಮಾರುಕಟ್ಟೆಯ ಸಮೀಕ್ಷೆಗೆ, ಪತ್ರಿಕೆಗೆ, ಸ್ವಯಂಸೇವಾ ಸಂಸ್ಥೆಗೆ ಬೇಕು. ಐ.ಎ.ಎಸ್. ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಸಮಾಜಶಾಸ್ತ್ರವೂ ಒಂದು.

ಆದರೆ ಈ ಬಾಗಿಲುಗಳು ಪದವಿಯೊಂದಕ್ಕೇ ತೆರೆಯುವುದಿಲ್ಲ. ಕಲ್ಯಾಣಾಧಿಕಾರಿಯ ಕೆಲಸಕ್ಕೂ ಆಸ್ಪತ್ರೆಯ ಕೆಲಸಕ್ಕೂ ಸಾಮಾನ್ಯವಾಗಿ ಸಮಾಜಕಾರ್ಯದ ಉನ್ನತ ಪದವಿ ಬೇಕು. ಸಮೀಕ್ಷೆಗೆ ಅಂಕಿಅಂಶಗಳ ಪರಿಚಯ ಬೇಕು. ಎಲ್ಲಕ್ಕೂ ಸ್ಪಷ್ಟವಾದ ಬರವಣಿಗೆ ಬೇಕು. ವ್ಯಾಸಂಗದ ಕಾಲದಲ್ಲೇ ಒಂದು ಬೇಸಗೆಯನ್ನಾದರೂ ಮನೆಮನೆ ತಿರುಗಿ ವಿಚಾರಿಸುವುದರಲ್ಲಿ ಕಳೆದವರಿಗೆ, ಈ ದಾರಿ ತಮಗೆ ಒಗ್ಗುವುದೇ ಎಂಬುದು ತಾನಾಗಿ ತಿಳಿಯುತ್ತದೆ.

ಇಷ್ಟನ್ನೂ ಹೇಳಿ, "ಹುಡುಗಿಗೆ ಇದರಲ್ಲಿ ಯಾವುದು ಇಷ್ಟ?" ಎಂದು ಕೇಳಿದೆ. ತಂದೆಯವರು ಸುಮ್ಮನಾದರು, ಆಕೆಯನ್ನು ಅವರು ಕೇಳಿಯೇ ಇರಲಿಲ್ಲ. ಮನೆಗೆ ಹೋಗಿ ಕೇಳುವುದಾಗಿ ಹೇಳಿ ಎದ್ದರು.