ಬದುವಿನ ನೆಲನೆಲ್ಲಿ, ಮದರಾಸಿನ ಪರೀಕ್ಷೆ



ಹೊರಗಿನವರು ನಿಮ್ಮ ಕೊರವಂಗಲಕ್ಕೆ ಬರುವುದು ಬೂಚೇಶ್ವರನ ಗುಡಿ ನೋಡಲಿಕ್ಕೆ. ಇಮ್ಮಡಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ ಬೂಚಿರಾಜ 1173ರಲ್ಲಿ ಕಟ್ಟಿಸಿದ ಆ ಗುಡಿಯ ವಿಚಾರ ಹೇಳಬಲ್ಲವರು ಬೇರೆ ಇದ್ದಾರೆ. ನಾನು ಮಾತಾಡುವುದು ಮುಂಗಾರು ಬಿದ್ದ ಮೇಲೆ ರಾಗಿ ಹೊಲದಲ್ಲೂ ಬದುವಿನಲ್ಲೂ ತಾನಾಗಿ ಏಳುವ ನೆಲನೆಲ್ಲಿಯ ಬಗ್ಗೆ. ಕಳೆ ತೆಗೆಯುವಾಗ ಕಿತ್ತೆಸೆಯುವ ಗಿಡ ಇದು. ಮನೆಯಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಮಾತ್ರ ಹುಡುಕಿಕೊಂಡು ಹೋಗುತ್ತೇವೆ.

ಬೇರುಸಹಿತ ಕಿತ್ತು, ತೊಳೆದು, ನುಣ್ಣಗೆ ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಬರಿಹೊಟ್ಟೆಗೆ ಕುಡಿಸುವುದು ನಾಟಿ ಕ್ರಮ. ಜೊತೆಗೆ ಪಥ್ಯ: ಎಣ್ಣೆ, ಮಾಂಸ, ಹೆಂಡ ಕೂಡದು, ಗಂಜಿ, ಮಜ್ಜಿಗೆ ಅನ್ನ ಸಾಕು. ಇಲ್ಲೊಂದು ಸ್ವಾರಸ್ಯವಿದೆ. ನೆಲನೆಲ್ಲಿಯೆಂದು ವೈದ್ಯರು ಗುರುತಿಸುವ ತಾಮಲಕಿಯನ್ನು ಚರಕ ಸಂಹಿತೆಯ ಸೂತ್ರಸ್ಥಾನ ಕೆಮ್ಮು ಮತ್ತು ಉಬ್ಬಸ ಕಳೆಯುವ ಗುಂಪುಗಳಲ್ಲಿ ಇಟ್ಟಿದೆ. ನಮ್ಮಲ್ಲಿ ಮಾತ್ರ ಅದು ಕಾಮಾಲೆಯ ಗಿಡವೆಂದೇ ಹೆಸರಾಗಿದೆ.

ಆ ಹೆಸರು ಬರಲು ಕಾರಣವೂ ಇದೆ. ಕಾಮಾಲೆ ರೋಗವಲ್ಲ, ಲಕ್ಷಣ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಕೀರ್ತಿ ಅದಕ್ಕೇ. ನಾಟಿ ವೈದ್ಯರು ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರ ಪಥ್ಯ ಹೆಂಡ ಬಿಡಿಸಿತಲ್ಲ, ಲಿವರಿಗೆ ಅದು ದೊಡ್ಡ ಉಪಕಾರ. ಆದರೆ ಹೆಪಟೈಟಿಸ್ ಬಿ ಹೀಗಲ್ಲ. ಅದು ಕೆಲವರ ಮೈಯಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಕೊನೆಗೆ ಲಿವರನ್ನು ಗಟ್ಟಿಯಾಗಿಸುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ. ಗಿಡದ ನಿಜವಾದ ಪರೀಕ್ಷೆ ನಡೆದದ್ದು ಇದರ ಎದುರಿಗೆ.

ಬಿ ವೈರಸ್ಸಿನ ಗುರುತನ್ನು ರಕ್ತದಲ್ಲಿ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ನಮ್ಮ ಕಳೆಗಿಡವನ್ನು ನೋಡಿ ನಗಲಿಲ್ಲ. ನೆಲನೆಲ್ಲಿಯ ಸಾರ ವೈರಸ್ಸಿನ ಒಂದು ಕಿಣ್ವವನ್ನು ತಡೆಯುತ್ತದೆಂದು 1987ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದರು. ಮರುವರ್ಷ ಮದರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಬ್ಲಂಬರ್ಗ್ ತಂಡದ ವರದಿ ‘ಲಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂತು. 30 ದಿನ ಗಿಡದ ಪುಡಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮದ್ದು ತೆಗೆದುಕೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತು ಬೆರಗಾಯಿತು. ಆಮೇಲೆ 1990ರಲ್ಲಿ ಥಾಯ್ಲೆಂಡಿನಲ್ಲಿ, 1994ರಲ್ಲಿ ನ್ಯೂಜಿಲೆಂಡಿನಲ್ಲಿ ಪರೀಕ್ಷಿಸಿದಾಗ ಫಲ ಕಾಣಲಿಲ್ಲ. 2011ರ ಕಾಕ್ರೇನ್ ವಿಮರ್ಶೆ 16 ಪ್ರಯೋಗಗಳನ್ನು ಜಾಲಾಡಿ, ಈ ಗಿಡವನ್ನು ಹೆಪಟೈಟಿಸ್ ಬಿಗೆ ಶಿಫಾರಸು ಮಾಡುವಷ್ಟು ಪುರಾವೆ ಸಾಲದೆಂದಿತು. ಮದರಾಸಿನ ಅಂಕಿಯೊಂದನ್ನೇ ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುವವರು ಈ ಉಳಿದ ಕತೆಯನ್ನು ನುಂಗಿಬಿಡುತ್ತಾರೆ.

ಇನ್ನೊಂದು ತೊಡಕು ನಿಮ್ಮ ಬದುವಿನಲ್ಲೇ ಇದೆ: ಯಾವ ಗಿಡ? ಎಲೆಯಡಿ ಸಾಲಾಗಿ ಕಾಯಿ ಬಿಡುವ ಗಿಡಗಳೆಲ್ಲ ಒಂದೇ ಅಲ್ಲ. ನಮ್ಮವರು ಬಹುಕಾಲ ಬರೆಯುತ್ತಿದ್ದ ಫಿಲಾಂಥಸ್ ನಿರೂರಿ ಎಂಬ ಹೆಸರು ನಿಜಕ್ಕೂ ಅಮೆರಿಕ ಖಂಡದ ಗಿಡದ್ದೆಂದು ವೆಬ್‌ಸ್ಟರ್ ಎಂಬ ಸಸ್ಯವಿಜ್ಞಾನಿ 1957ರಲ್ಲಿ ತೋರಿಸಿದರು. ಮದರಾಸಿನಲ್ಲಿ ಬಳಸಿದ್ದು ಫಿಲಾಂಥಸ್ ಅಮಾರಸ್. ಅದರ ಹೂವಿಗೆ ಐದು ದಳ, ಕಾಯಿ ನಯ. ಫ್ರಾಟರ್ನಸ್ ಎಂಬ ಇನ್ನೊಂದು ಜಾತಿಗೆ ಆರು ದಳ. ಯುರಿನೇರಿಯಾ ಎಂಬುದರ ಕಾಯಿ ಒರಟು, ತೊಟ್ಟು ಇಲ್ಲವೆಂಬಷ್ಟು ಗಿಡ್ಡ. ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳ ನೆಲನೆಲ್ಲಿಯನ್ನು ತಪಾಸಣೆ ಮಾಡಿ 2010ರಲ್ಲಿ ಬರೆದರು: ನೂರಕ್ಕೆ 76ರಷ್ಟು ಅಂಗಡಿಗಳಲ್ಲಿ ಇದ್ದದ್ದು ಅಮಾರಸ್, ಉಳಿದಲ್ಲಿ ಬೇರೆ ಐದು ಜಾತಿಗಳು. ಗಿಡವೇ ಬೇರೆಯಾದರೆ ಮದ್ದಿನ ಮಾತೆಲ್ಲಿ?

ಒಂದು ಎಚ್ಚರಿಕೆಯನ್ನು ಹೇಳಿಯೇ ಮುಂದೆ ಹೋಗಬೇಕು. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ ಸಾವು ನೂರಕ್ಕೆ 20ರಿಂದ 25ರವರೆಗೂ ಹೋಗುತ್ತದೆ. ಅಂಥ ಹೆಣ್ಣುಮಗಳ ಕಣ್ಣು ಹಳದಿಯಾದ ದಿನವೇ ಆಸ್ಪತ್ರೆ. ಅರೆಯುವ ಕಲ್ಲಿನ ಹತ್ತಿರ ನಿಲ್ಲುವ ಹೊತ್ತಲ್ಲ ಅದು. ಹೆಪಟೈಟಿಸ್ ಬಿ ಮತ್ತು ಸಿಗೆ 2018ರಿಂದ ರಾಷ್ಟ್ರೀಯ ಕಾರ್ಯಕ್ರಮವೊಂದು ನಡೆದಿದೆ, ಪರೀಕ್ಷೆ ಚಿಕಿತ್ಸೆ ಎರಡೂ ಉಚಿತ.

ಹಾಗಾದರೆ ಗಿಡವನ್ನು ಮರೆಯಬೇಕೆ? ನನಗೆ ಹಾಗನ್ನಿಸುವುದಿಲ್ಲ. ವಿಜ್ಞಾನಿಗಳು ಕೇಳಿದ್ದು ವೈರಸ್ಸಿನ ಪ್ರಶ್ನೆ. ಊರು ಕೇಳುವುದು ಬೇರೆ: ಹಳದಿ ಬೇಗ ಇಳಿದೀತೆ, ಊಟ ಬೇಗ ಸೇರೀತೆ? ನಿಮ್ಮ ಹತ್ತಿರದ ಹಾಸನದಲ್ಲಿ ಆಯುರ್ವೇದ ಕಾಲೇಜೂ ಇದೆ, ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಗಿಡವನ್ನು ಮೊದಲು ಸರಿಯಾಗಿ ಗುರುತಿಸಿ, ಹೆಪಟೈಟಿಸ್ ಎ ಎಂದು ಖಚಿತವಾದವರಿಗೆ ಮಾತ್ರ, ಅವರ ಒಪ್ಪಿಗೆ ಪಡೆದು, ಒಂದು ಗುಂಪಿಗೆ ಪಥ್ಯದ ಜೊತೆ ನೆಲನೆಲ್ಲಿ, ಇನ್ನೊಂದಕ್ಕೆ ಬರೀ ಪಥ್ಯ ಕೊಟ್ಟು, ಹಳದಿಗೆ ಕಾರಣವಾದ ಬಿಲಿರುಬಿನ್ ಇಳಿಯುವ ದಿನಗಳನ್ನು ಈ ಎರಡು ಕಾಲೇಜುಗಳು ಕೂಡಿಯೇ ಎಣಿಸಬಹುದು.