ಬದುವಿನ ತುಂಬೆ



ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಮಳೆಗಾಲದಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡ ತುಂಬೆ. ರಾಗಿ ಸಾಲಿನ ನಡುವೆ ಹುಟ್ಟಿದರೆ ಅದು ಕಳೆ. ರೈತ ಕಿತ್ತು ಹಾಕುತ್ತಾನೆ. ಬೆಳೆಯ ಪಾಲಿನ ನೀರು, ಗೊಬ್ಬರ ಅದಕ್ಕೆ ಹೋಗಬಾರದಲ್ಲ!

ಅದೇ ಗಿಡ ಬದುವಿನ ಮೇಲಿದ್ದರೆ ಹಾಗೇ ಬಿಡುತ್ತಾನೆ.

ಒಮ್ಮೆ ಅದರ ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ. ನಾಲ್ಕು ಮೂಲೆ ಕೈಗೆ ಸಿಗುತ್ತದೆ. ತುಳಸಿ, ದೊಡ್ಡಪತ್ರೆಗಳದೂ ತುಂಬೆಯದೇ ಕುಟುಂಬ. ಗೆಣ್ಣಿನ ಸುತ್ತ ಹಸಿರು ಗುಂಡು. ಅದರಿಂದ ಇಣುಕುವ ಪುಟ್ಟ ಬಿಳಿ ಹೂಗಳು. ಹೂವಿಗೆ ಎರಡು ತುಟಿ. ಅಗಲವಾದ ಕೆಳತುಟಿಯ ಮೇಲೆ ಜೇನುನೊಣ ಬಂದು ಕೂರುತ್ತದೆ. ನೊಣ ಮಕರಂದಕ್ಕೆ ಬಾಗಿದಾಗ ಮೇಲ್ತುಟಿಯೊಳಗಿನ ಪರಾಗ ಅದಕ್ಕೆ ಅಂಟುತ್ತದೆ.

ನೆಗಡಿಯಾದರೆ ತುಂಬೆ ಸೊಪ್ಪು ಕುದಿಸಿ ಹಬೆ ತೆಗೆದುಕೊಳ್ಳುವುದು ಹಳ್ಳಿಮನೆಗಳ ರೂಢಿ. ಹುಳುಹುಪ್ಪಟೆ ಕಡಿದ ಜಾಗಕ್ಕೆ ಎಲೆಯ ರಸ ಹಚ್ಚುವುದೂ ಉಂಟು. ಹಾವು ಕಡಿದರೆ ಮಾತ್ರ ಸೊಪ್ಪು ಹುಡುಕುತ್ತಾ ಕೂರಬಾರದು, ನೇರ ಆಸ್ಪತ್ರೆಗೇ ಹೋಗಬೇಕು. ಇನ್ನು ತುಂಬೆ ಹೂ ಶಿವನಿಗೆ ಬಲು ಪ್ರಿಯ ಎಂಬುದು ಶಿವಗಂಗೆಯ ಸೀಮೆಗೆ ಹೊಸ ಮಾತಲ್ಲ.

ಹೊಲದಲ್ಲಿ ಕಿತ್ತ ಕೈ, ಬದುವಿನಲ್ಲಿ ಉಳಿಸುತ್ತದೆ. ಇದರಲ್ಲಿ ವಿರೋಧವಿಲ್ಲ, ವಿವೇಕವಿದೆ. ನಮ್ಮ ಸಿಟ್ಟು, ಹಟ, ಮಾತು ಕೂಡ ಹೀಗೆಯೇ. ಪೂರ್ತಿ ಕಿತ್ತೆಸೆಯಬೇಕಾಗಿಲ್ಲ. ಅನ್ಯಾಯದ ಎದುರು ಸಿಟ್ಟು ಇರಲಿ; ಊಟದ ಮನೆಯಲ್ಲಿ ಬೇಡ. ಕಲಿಕೆಯಲ್ಲಿ ಹಟ ಇರಲಿ; ನೆಂಟಸ್ತನದಲ್ಲಿ ಬೇಡ. ಯಾವುದಕ್ಕೆ ಎಲ್ಲಿ ಜಾಗ ಎಂದು ತಿಳಿದರೆ ಬದುಕು ಅರ್ಧ ಹಸನಾದಂತೆ.