ಕೊನೆ ಗೊತ್ತಿರುವ ಕಥೆಯ ಮೊದಲು

ಒಂದು ಕಥೆಯ ಕೊನೆ ನಿಮಗೆ ಮೊದಲೇ ಗೊತ್ತಿದೆ ಎಂದಿಟ್ಟುಕೊಳ್ಳಿ. ನಾಯಕ ದೊಡ್ಡ ಹೆಸರು ಪಡೆಯುತ್ತಾನೆ, ಮುದುಕನಾಗುತ್ತಾನೆ, ಅವನು ಸತ್ತ ಮೇಲೂ ಜನ ಅವನ ಮಾತನ್ನು ವೇದವಾಕ್ಯದಂತೆ ಕೇಳುತ್ತಾರೆ. ಇಷ್ಟೆಲ್ಲ ತಿಳಿದ ಮೇಲೆ ಅವನ ಯೌವನದ ಕಥೆಯನ್ನು ಯಾರಾದರೂ ಕೈಗಿತ್ತರೆ ನೀವು ಓದುತ್ತೀರಾ? ಓದಿದರೂ ಯಾವ ಕುತೂಹಲದಿಂದ ಓದುತ್ತೀರಿ? ಪಡುಬಿದ್ರಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಸಣ್ಣ ಓದುಗರ ಕೂಟದಲ್ಲಿ ಒಂದು ಮಳೆಗಾಲದ ಸಂಜೆ ಈ ಪ್ರಶ್ನೆ ಎದ್ದಿತು. ಆ ಸಂಜೆಯ ಚರ್ಚೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಾವು ಓದಿದ್ದು ಐಸಾಕ್ ಅಸಿಮೋವ್ ಬರೆದ ‘ಪ್ರಿಲ್ಯೂಡ್ ಟು ಫೌಂಡೇಷನ್’ ಎಂಬ ವೈಜ್ಞಾನಿಕ ಕಾದಂಬರಿ. ಪ್ರಕಟವಾದದ್ದು ೧೯೮೮ರಲ್ಲಿ. ನಮ್ಮಲ್ಲಿ ಇದ್ದದ್ದು ಒಂದೇ ಪ್ರತಿ. ಎಂಟು ಮಂದಿಯ ಕೈ ದಾಟುವ ಹೊತ್ತಿಗೆ ಅದರ ರಕ್ಷಾಪುಟವೇ ಕಳಚಿಹೋಗಿತ್ತು. ಪುಸ್ತಕ ಇಂಗ್ಲಿಷಿನದು, ಚರ್ಚೆ ಕನ್ನಡದಲ್ಲಿ, ವಾದ ಬಿಸಿಯಾದಾಗ ತುಳುವಿನಲ್ಲಿ.

ಮೊದಲು ಸ್ವಲ್ಪ ಹಿನ್ನೆಲೆ. ೧೯೪೧ರಲ್ಲಿ ನ್ಯೂಯಾರ್ಕಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ೨೧ ವರ್ಷದ ಅಸಿಮೋವ್‌ಗೆ ಒಂದು ಕಲ್ಪನೆ ಹೊಳೆಯಿತು. ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸ ಅವರ ಮನಸ್ಸಿನಲ್ಲಿತ್ತು. ಅಂಥದೇ ಪತನ ಇಡೀ ನಕ್ಷತ್ರಲೋಕದ ಸಾಮ್ರಾಜ್ಯವೊಂದಕ್ಕೆ ಬಂದರೆ? ೧೯೪೨ರಿಂದ ಅದು ಪತ್ರಿಕೆಯೊಂದರಲ್ಲಿ ಕಥೆಗಳಾಗಿ ಬಂತು. ೧೯೫೧ರಲ್ಲಿ ‘ಫೌಂಡೇಷನ್’ ಎಂಬ ಪುಸ್ತಕವಾಯಿತು. ಸುಮಾರು ಎರಡೂವರೆ ಕೋಟಿ ಗ್ರಹಗಳಲ್ಲಿ ಮನುಷ್ಯರು ನೆಲೆಸಿದ್ದಾರೆ. ರಾಜಧಾನಿ ಟ್ರಾಂಟರ್ ಒಂದರಲ್ಲೇ ನಾಲ್ಕು ಸಾವಿರ ಕೋಟಿಗೂ ಮಿಕ್ಕಿದ ಜನ. ಹ್ಯಾರಿ ಸೆಲ್ಡನ್ ಎಂಬ ವೃದ್ಧ ಗಣಿತಜ್ಞ ಈ ಸಾಮ್ರಾಜ್ಯ ಕುಸಿಯುವುದು ಖಚಿತ ಎನ್ನುತ್ತಾನೆ. ಆಮೇಲೆ ೩೦,೦೦೦ ವರ್ಷಗಳ ಕತ್ತಲೆ. ಈಗಲೇ ಸಿದ್ಧತೆ ನಡೆಸಿದರೆ ಅದನ್ನು ಒಂದು ಸಾವಿರ ವರ್ಷಕ್ಕೆ ಇಳಿಸಬಹುದು ಎಂಬುದು ಅವನ ಲೆಕ್ಕಾಚಾರ. ಈ ಲೆಕ್ಕದ ಶಾಸ್ತ್ರಕ್ಕೆ ಅಸಿಮೋವ್ ಕೊಟ್ಟ ಹೆಸರು ಸೈಕೋಹಿಸ್ಟರಿ. ಇದು ಕಲ್ಪಿತ ಶಾಸ್ತ್ರ ಎಂಬುದನ್ನು ಮರೆಯಬೇಡಿ.

‘ಪ್ರಿಲ್ಯೂಡ್’ ಬರೆದದ್ದು ಬಹಳ ಕಾಲದ ನಂತರವಾದರೂ ಅದರ ಕಥೆ ನಡೆಯುವುದು ಇದಕ್ಕಿಂತ ಮೊದಲು. ಇಂಥ ಕೃತಿಯನ್ನು ಪ್ರೀಕ್ವೆಲ್ ಎನ್ನುತ್ತಾರೆ. ನಾವು ಪೂರ್ವಕಥೆ ಎನ್ನೋಣ. ಇಲ್ಲಿ ಸೆಲ್ಡನ್‌ಗೆ ೩೨ ವರ್ಷ. ಹೆಲಿಕಾನ್ ಎಂಬ ದೂರದ ಗ್ರಹದಿಂದ ಗಣಿತಜ್ಞರ ಸಮ್ಮೇಳನಕ್ಕೆ ಬಂದವನು. ಭವಿಷ್ಯವನ್ನು ಲೆಕ್ಕಹಾಕುವುದು ತಾತ್ತ್ವಿಕವಾಗಿ ಸಾಧ್ಯ ಎಂದು ಒಂದು ಪ್ರಬಂಧ ಓದುತ್ತಾನೆ. ಸುದ್ದಿ ಚಕ್ರವರ್ತಿಯ ಕಿವಿಗೆ ಬೀಳುತ್ತದೆ. ಅಲ್ಲಿಂದ ಅವನ ಓಟ ಶುರು.

ಚರ್ಚೆಗೆ ಕಿಡಿ ಹಚ್ಚಿದವನು ಪಿಯುಸಿ ಓದುವ ಹುಡುಗ. “ಸೆಲ್ಡನ್ ಮುದುಕನಾಗುವವರೆಗೆ ಬದುಕುತ್ತಾನೆ ಎಂದು ಗೊತ್ತೇ ಇದೆಯಲ್ಲ ಸರ್. ಮತ್ತೆ ಅವನನ್ನು ಯಾರು ಅಟ್ಟಿಸಿಕೊಂಡು ಬಂದರೆ ನಮಗೇನು ಭಯ?” ಎಂದ.

ಉತ್ತರ ಕೊಟ್ಟವರು ಮೂಲೆಯಲ್ಲಿ ಕುಳಿತಿದ್ದ ನಿವೃತ್ತ ಮಾಸ್ಟ್ರು. ಅವರಿಗೆ ತಾಳಮದ್ದಳೆಯೆಂದರೆ ಪ್ರಾಣ. ನಮ್ಮ ಕಡೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದುದ್ದಕ್ಕೂ ತಾಳಮದ್ದಳೆಯ ಸುಗ್ಗಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ತಮ್ಮ ತಮ್ಮ ಮಾತಿನಲ್ಲಿ ಪಾತ್ರವನ್ನು ಕಟ್ಟುತ್ತಾರೆ. “ಕರ್ಣಭೇದನ ಎಷ್ಟು ಸಲ ಕೇಳಿದ್ದೀ ಮಗಾ?” ಎಂದು ಮಾಸ್ಟ್ರು ಕೇಳಿದರು. “ಕರ್ಣ ಸಾಯುತ್ತಾನೆಂದು ತಿಳಿಯದವರು ಆ ಸಭೆಯಲ್ಲಿ ಯಾರಿದ್ದಾರೆ? ಆದರೂ ಮಧ್ಯರಾತ್ರಿವರೆಗೆ ಯಾಕೆ ಕೂರುತ್ತಾರೆ? ಕೃಷ್ಣ ಅವನಿಗೆ ಹೇಳುವುದು ಅವನದೇ ಪೂರ್ವಕಥೆ. ನೀನು ಕುಂತಿಯ ಮಗ ಎಂದು. ಅದನ್ನು ಕೇಳಿದ ಮೇಲೂ ಅವನು ಕೌರವನ ಪಕ್ಷ ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಎನ್ನುವುದನ್ನು ಕೇಳಲಿಕ್ಕೆ ನಾವು ಹೋಗುವುದು.”

ಹುಡುಗ ಸುಮ್ಮನಾದ. ನನಗೂ ಆಗ ಒಂದು ವಿಷಯ ಹೊಳೆಯಿತು. ಕೊನೆ ತಿಳಿಯದ ಕಥೆಯಲ್ಲಿ ‘ಮುಂದೇನಾಯಿತು’ ಎಂದು ಕೇಳುತ್ತೇವೆ. ಕೊನೆ ತಿಳಿದಾಗ ‘ಹೇಗಾಯಿತು, ಏಕಾಯಿತು’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗುಂಪಿನಲ್ಲಿ ಕುಳಿತು ಚರ್ಚಿಸಲು ಈ ಎರಡನೆಯ ಪ್ರಶ್ನೆಯೇ ಹೆಚ್ಚು ಯೋಗ್ಯ.

ಆ ಪ್ರಶ್ನೆಯನ್ನು ಸೆಲ್ಡನ್‌ಗೆ ಅನ್ವಯಿಸಿ ನೋಡೋಣ. ಚಕ್ರವರ್ತಿ ಕ್ಲಿಯಾನ್ ಅವನಿಂದ ಬಯಸುವುದು ಒಂದು ಅನುಕೂಲಕರ ಭವಿಷ್ಯವಾಣಿ. ಅದು ನಿಜವೇ ಆಗಬೇಕೆಂದಿಲ್ಲ, ಜನ ನಂಬಿದರೆ ಸಾಕು. ನಂಬಿದ ಜನ ಅದರಂತೆಯೇ ನಡೆದುಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಸೆಲ್ಡನ್ ಏನು ಹೇಳುತ್ತಾನೆ? ತನ್ನ ಸಿದ್ಧಾಂತ ಕಾಗದದ ಮೇಲೆ ಸರಿ, ಬಳಕೆಗೆ ಬರುವಂಥದ್ದಲ್ಲ ಎನ್ನುತ್ತಾನೆ. ಮುಂದೆ ಇಡೀ ಲೋಕ ಸರ್ವಜ್ಞ ಎಂದು ಕೊಂಡಾಡುವ ಮನುಷ್ಯ ಅರಮನೆಯಲ್ಲಿ ನಿಂತು ‘ನನಗೆ ಅಷ್ಟು ಗೊತ್ತಿಲ್ಲ’ ಎಂದ. ಪೂರ್ವಕಥೆ ಇಲ್ಲದಿದ್ದರೆ ಈ ಮುಖ ನಮಗೆ ಕಾಣುತ್ತಲೇ ಇರಲಿಲ್ಲ.

ಈಗ ಚರ್ಚೆಯ ಎರಡನೆಯ ಘಟ್ಟ. ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. “ಜನರ ನಡೆಯೆಲ್ಲ ಲೆಕ್ಕಕ್ಕೆ ಸಿಗುವುದಾದರೆ ನಾನು ಪಡುವ ಶ್ರಮಕ್ಕೆ ಏನು ಬೆಲೆ? ಇಷ್ಟು ಅಂಕಕ್ಕೆ ಇಂಥ ಕೆಲಸ, ಇಂಥ ಮನೆಯ ಹುಡುಗಿಗೆ ಇಂಥ ಬದುಕು ಎಂದು ನಮ್ಮಲ್ಲೂ ಹೇಳುತ್ತಾರಲ್ಲ” ಎಂದಳು. ಕೂಟ ಒಂದು ಕ್ಷಣ ಸ್ತಬ್ಧವಾಯಿತು. ಇದು ಬರೀ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಉತ್ತರದ ಒಂದು ತುದಿ ಭೌತಶಾಸ್ತ್ರದಲ್ಲೇ ಇದೆ. ಪಾತ್ರೆಯೊಳಗಿನ ಅನಿಲದ ಒಂದು ಅಣು ಎತ್ತ ಹೋಗುತ್ತದೆಂದು ಯಾರೂ ಹೇಳಲಾರರು. ಕೋಟಿ ಕೋಟಿ ಅಣುಗಳ ಒತ್ತಡವನ್ನೂ ತಾಪವನ್ನೂ ಮಾತ್ರ ಕರಾರುವಾಕ್ಕಾಗಿ ಲೆಕ್ಕಹಾಕಬಹುದು. ಅಸಿಮೋವ್ ತಮ್ಮ ಕಲ್ಪಿತ ಶಾಸ್ತ್ರಕ್ಕೆ ಆಧಾರ ಮಾಡಿಕೊಂಡದ್ದು ಇದನ್ನೇ. ನಮ್ಮ ಮುಂಗಾರನ್ನು ನೋಡಿ. ಹವಾಮಾನ ಇಲಾಖೆ ಏಪ್ರಿಲ್‌ನಲ್ಲೇ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಅಂದಾಜು ಕೊಡುತ್ತದೆ. ಅದನ್ನು ಹಿಡಿದು ಪಡುಬಿದ್ರಿಯಲ್ಲಿ ಆಗಸ್ಟ್ ೧೫ರ ಬೆಳಿಗ್ಗೆ ಕೊಡೆ ಬೇಕೇ ಎಂದು ಹೇಳಲಾಗದು. ಸಮೂಹದ ಸರಾಸರಿ ಒಬ್ಬೊಬ್ಬರ ಹಣೆಬರಹವಲ್ಲ.

ಇನ್ನೊಂದು ತುದಿಯನ್ನು ಆ ಹುಡುಗಿಯೇ ಹಿಡಿದಳು. ಸೈಕೋಹಿಸ್ಟರಿಗೆ ಎರಡು ಷರತ್ತುಗಳಿವೆ: ಜನಸಂಖ್ಯೆ ಬಹಳ ದೊಡ್ಡದಿರಬೇಕು, ಆ ಜನರಿಗೆ ತಮ್ಮ ಬಗೆಗಿನ ಲೆಕ್ಕ ತಿಳಿದಿರಬಾರದು. “ಮಳೆಗೆ ತನ್ನ ಮುನ್ಸೂಚನೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗುತ್ತದೆ. ಗೊತ್ತಾದರೆ ನಾವು ದಾರಿ ಬದಲಿಸಬಹುದು” ಎಂದಳು. ಮಾಸ್ಟ್ರು ತೊಡೆ ತಟ್ಟಿ ‘ಭೇಷ್’ ಎಂದರು. ಆದರೂ ಅವರು ಒಂದು ಮಾತು ಸೇರಿಸಿದರು: “ಕರ್ಣನಿಗೂ ಗೊತ್ತಾಯಿತು ಮಗಳೇ, ಅವನು ಬದಲಿಸಲಿಲ್ಲ. ಬದಲಿಸುವುದು, ಬಿಡುವುದು ಎರಡೂ ನಮ್ಮದೇ ಆಯ್ಕೆ.” ಅಂದಿನ ಚರ್ಚೆ ಅಲ್ಲಿಗೆ ನಿಂತಿತು. ತೀರ್ಮಾನವಾಗಲಿಲ್ಲ.

ಎಲ್ಲರೂ ಪುಸ್ತಕವನ್ನು ಹೊಗಳಿದರು ಎಂದುಕೊಳ್ಳಬೇಡಿ. ಟ್ರಾಂಟರ್‌ನ ಒಂದು ವಲಯದಿಂದ ಇನ್ನೊಂದಕ್ಕೆ ಓಡುವ ಪ್ರಸಂಗಗಳು ಉದ್ದವಾದವು, ಸೆಲ್ಡನ್ ಸುತ್ತ ಇದ್ದ ಗೂಢ ವಿವರಣೆಗಳ ಭಾರದಿಂದ ಕಡಿಮೆಯಾಯಿತು ಎಂದವರೂ ಇದ್ದರು. ಆ ಆಕ್ಷೇಪದಲ್ಲಿ ಹುರುಳಿದೆ. ನನಗೆ ಹಿಡಿಸಿದ್ದು ಬೇರೊಂದು ಸಂಗತಿ. ವೃದ್ಧ ಸೆಲ್ಡನ್‌ನನ್ನು ಸೃಷ್ಟಿಸಿದಾಗ ಅಸಿಮೋವ್ ತರುಣ. ತರುಣ ಸೆಲ್ಡನ್‌ನ ಕಥೆ ಹೊರಬಂದಾಗ ಅವರಿಗೆ ೬೮ ವರ್ಷ. ತರುಣನಾಗಿದ್ದಾಗ ಎಲ್ಲ ಬಲ್ಲ ಮುದುಕನನ್ನು ಕಲ್ಪಿಸಿದವರು, ವಯಸ್ಸಾದ ಮೇಲೆ ಏನೂ ಖಚಿತವಿಲ್ಲದ ಯುವಕನನ್ನು ಕಂಡರು. ಅದರ ಮುಂದುವರಿಕೆಯಾದ ‘ಫಾರ್ವರ್ಡ್ ದ ಫೌಂಡೇಷನ್’ ೧೯೯೩ರಲ್ಲಿ ಬಂದಾಗ ಅವರು ಇರಲಿಲ್ಲ, ೧೯೯೨ರಲ್ಲೇ ತೀರಿಕೊಂಡಿದ್ದರು.

ಮಿತ್ರರೇ, ನೀವೂ ಇಂಥ ಕೂಟವೊಂದನ್ನು ಕಟ್ಟಬಹುದು. ಐದಾರು ಮಂದಿ, ಒಂದು ಪುಸ್ತಕ ಸಾಕು. ಬರೆದ ಕ್ರಮದಲ್ಲೇ ಓದಿ. ೧೯೫೧ರ ‘ಫೌಂಡೇಷನ್’ ಮೊದಲು, ಪೂರ್ವಕಥೆ ಆಮೇಲೆ. ಮುದುಕನ ಪರಿಚಯವಿದ್ದರಲ್ಲವೇ ಯುವಕನನ್ನು ಕಂಡು ಅಚ್ಚರಿ? ವಾದಿಸುವವರು ಪುಸ್ತಕದ ಪುಟ ತೋರಿಸಿ ವಾದಿಸಲಿ. ಇಂಗ್ಲಿಷ್ ಕಷ್ಟವಾದವರಿಗೆ ಓದಿದವರು ಒಂದೊಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಲಿ. ಹೇಳುವಾಗಲೇ ತಮಗೆಷ್ಟು ಅರ್ಥವಾಗಿದೆ ಎಂಬುದು ಅವರಿಗೂ ತಿಳಿಯುತ್ತದೆ. ಸೆಲ್ಡನ್‌ಗೆ ಪ್ರಾಣ ಉಳಿಸಿಕೊಳ್ಳಲು ದಾರಿ ತೋರುವ ಹಮ್ಮಿನ್ ಎಂಬ ಪತ್ರಕರ್ತ ನಿಜಕ್ಕೂ ಯಾರು ಎಂಬುದನ್ನು ಮಾತ್ರ ನಾನು ಹೇಳುವುದಿಲ್ಲ. ಕೊನೆ ತಿಳಿದ ಕಥೆಯಲ್ಲೂ ಅಷ್ಟು ಗುಟ್ಟು ಉಳಿದಿದೆ.

ಆ ಸಂಜೆ ಮಳೆ ಬಿಟ್ಟ ಮೇಲೆ ರಕ್ಷಾಪುಟವಿಲ್ಲದ ಪುಸ್ತಕವನ್ನು ಎರಡನೆಯ ಬಾರಿ ಓದಲು ಮನೆಗೆ ಒಯ್ದವನು ಯಾರೆನ್ನುತ್ತೀರಿ? ‘ನಮಗೇನು ಭಯ’ ಎಂದ ಅದೇ ಹುಡುಗ.